ರೊಟ್ಟಿಗೆ ಏನು ಹಚ್ಚೋಣ?

ಮಧ್ಯಾಹ್ನದ ಹೊತ್ತು. ಹೊಲದಲ್ಲಿ ಕಳೆ ತೆಗೆಯುವ ಕೆಲಸ ನಿಂತಿದೆ. ಎಲ್ಲರೂ ಬೇವಿನ ಗಿಡದ ನೆರಳಿಗೆ ಬರುತ್ತೇವೆ. ಬುತ್ತಿಯ ಗಂಟು ಬಿಚ್ಚುತ್ತೇವೆ. ಗಂಟಿನಲ್ಲಿ ಏನಿದೆ? ಎರಡು ಜೋಳದ ರೊಟ್ಟಿ. ರೊಟ್ಟಿಯ ಮೇಲೆ ಕೆಂಪು ಖಾರ. ಒಂದು ಉಳ್ಳಾಗಡ್ಡಿ. ಅದನ್ನು ಗುದ್ದಿ ಒಡೆದು, ಕಚ್ಚಿಕೊಂಡು ತಿನ್ನುತ್ತೇವೆ. ಮೇಲೆ ಒಂದು ಚೆಂಬು ನೀರು. ಊಟ ಮುಗಿಯಿತು.

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಇದೇ ಮಾತು ಬಂತು. ಅವತ್ತು ಯಾರ ಬುತ್ತಿಯಲ್ಲಿ ಏನಿತ್ತು ಎಂದು ಬೋರ್ಡಿನ ಮೇಲೆ ಬರೆಯೋಣ ಅಂದುಕೊಂಡೆವು. ಒಬ್ಬೊಬ್ಬರೇ ಎದ್ದು ಬರೆದೆವು. ರೊಟ್ಟಿ, ಖಾರ. ರೊಟ್ಟಿ, ಉಳ್ಳಾಗಡ್ಡಿ. ರೊಟ್ಟಿ, ಖಾರ, ಎಣ್ಣೆ. ಬೋರ್ಡು ತುಂಬ ಇದೇ ಆಯಿತು. ಒಬ್ಬ ಅಕ್ಕ ಮಾತ್ರ "ಪುಂಡಿ ಪಲ್ಯ" ಎಂದು ಬರೆಯಲು ಹೋದರು. ಸೊನ್ನೆ ಹಾಕುವುದು ಮರೆತರು. "ಪುಡಿ ಪಲ್ಯ" ಆಯಿತು. ಎಲ್ಲರೂ ನಕ್ಕೆವು. ಆಕೆಯೂ ನಕ್ಕರು. "ಹೆಸರ ತಪ್ಪಿದ್ರೂ ರುಚಿ ತಪ್ಪಿಲ್ಲ ಬಿಡ್ರಿ" ಅಂದರು.

ನಕ್ಕ ಮೇಲೆ ಒಂದು ವಿಷಯ ಯೋಚನೆಗೆ ಬಂತು. ಅಷ್ಟು ಜನರ ಬುತ್ತಿಯಲ್ಲಿ ಬೇಳೆ ಇದ್ದದ್ದು ಅದೊಂದರಲ್ಲೇ. ಸೊಪ್ಪು ಇದ್ದದ್ದೂ ಅದೊಂದರಲ್ಲೇ.

ರೊಟ್ಟಿ ಒಳ್ಳೆಯ ಊಟ. ಅದರ ಬಗ್ಗೆ ನಮ್ಮದು ತಕರಾರಿಲ್ಲ. ಜೋಳ ಮೈಗೆ ಶಕ್ತಿ ಕೊಡುತ್ತದೆ. ಹೊಟ್ಟೆ ತುಂಬುತ್ತದೆ. ಆದರೆ ದುಡಿದು ಸವೆದ ಮೈಯನ್ನು ಮತ್ತೆ ಕಟ್ಟುವುದಕ್ಕೆ ಇನ್ನೊಂದು ಸತ್ವ ಬೇಕು. ಅದಕ್ಕೆ ಪ್ರೋಟೀನು ಎನ್ನುತ್ತಾರೆ. ದೊಡ್ಡ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನು ಬೇಕು. ಎರಡು ರೊಟ್ಟಿಗೆ ಸುಮಾರು 100 ಗ್ರಾಂ ಹಿಟ್ಟು ಹಿಡಿಯುತ್ತದೆ ಅನ್ನಿ. ಅದರಲ್ಲಿ 10 ಗ್ರಾಂ ಪ್ರೋಟೀನು ಸಿಗುತ್ತದೆ. ಒಂದು ಹಿಡಿ ಬೇಳೆ, ಅಂದರೆ ಸುಮಾರು 30 ಗ್ರಾಂ ಬೇಳೆ ಸೇರಿಸಿದರೆ ಇನ್ನೂ 6 ಗ್ರಾಂ ಸಿಗುತ್ತದೆ.

ಬರೀ ಲೆಕ್ಕ ಹೆಚ್ಚಾಗುವುದಷ್ಟೇ ಅಲ್ಲ. ಜೋಳದಲ್ಲಿ ಕಡಿಮೆ ಇರುವುದು ಬೇಳೆಯಲ್ಲಿ ಇದೆ. ಬೇಳೆಯಲ್ಲಿ ಕಡಿಮೆ ಇರುವುದು ಜೋಳದಲ್ಲಿ ಇದೆ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಹಿರಿಯರು ಪುಂಡಿ ಪಲ್ಯಕ್ಕೆ ಬೇಳೆಯನ್ನೂ ಹಾಕಿದರು, ಜೋಳದ ನುಚ್ಚನ್ನೂ ಹಾಕಿದರು. ಅವರು ಗ್ರಾಂ ಲೆಕ್ಕ ಕಲಿತವರಲ್ಲ. ಆದರೂ ಜೋಡಿ ಸರಿಯಾಗಿ ಕೂಡಿಸಿದ್ದರು.

ಇನ್ನು ರಕ್ತದ ಮಾತು. 2019ರಿಂದ 2021ರವರೆಗೆ ದೇಶದಲ್ಲೆಲ್ಲ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರ ರಕ್ತ ನೋಡಿದರು. ನೂರರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ ಇತ್ತು. ಅಂದರೆ ನಮ್ಮ ಕೇಂದ್ರದಲ್ಲಿ ಚಾಪೆಯ ಮೇಲೆ ಕೂತ ಇಬ್ಬರಲ್ಲಿ ಹತ್ತಿರ ಹತ್ತಿರ ಒಬ್ಬರಿಗೆ ಎಂದಾಯಿತು. ಬಗ್ಗಿ ಎದ್ದರೆ ಕಣ್ಣು ಕತ್ತಲೆ. ನೀರಿನ ಕೊಡ ಹೊತ್ತರೆ ಏದುಸಿರು. "ವಯಸ್ಸಾತು" ಅಂದುಕೊಂಡು ಸುಮ್ಮನಿರುತ್ತೇವೆ. ಮೂವತ್ತಕ್ಕೆ ಎಂಥ ವಯಸ್ಸು?

ಹಾಗಾದರೆ ಬುತ್ತಿಗೆ ದಿನಾ ಪಲ್ಯ, ಸಾರು, ಮೊಸರು ಎಲ್ಲ ಮಾಡಬೇಕೆ? ಬೆಳಿಗ್ಗೆ ಅಷ್ಟು ಹೊತ್ತು ಎಲ್ಲಿದೆ? ಏಳು ಗಂಟೆಗೆ ಕೆಲಸದ ಗಾಡಿ ಬಂದು ನಿಲ್ಲುತ್ತದೆ. ಸಾರು ಒಯ್ದರೆ ದಾರಿಯಲ್ಲಿ ಚೆಲ್ಲುತ್ತದೆ. ಅದಕ್ಕೇ ಖಾರ ಹಚ್ಚಿಕೊಂಡು ಹೋಗುತ್ತೇವೆ. ಹಚ್ಚಲಿಕ್ಕೆ ಸುಲಭ, ಸುತ್ತಲಿಕ್ಕೆ ಸುಲಭ. ಸರಿ. ಹಚ್ಚುವುದನ್ನು ಬಿಡುವುದು ಬೇಡ. ಹಚ್ಚುವುದು ಏನು ಎಂಬುದನ್ನು ಮಾತ್ರ ಬದಲಿಸೋಣ. ಖಾರದ ಜಾಗದಲ್ಲಿ ಕಾಳು ಅರೆದು ಹಚ್ಚೋಣ. ಕಾಯಿಪಲ್ಯ ಅರೆದು ಹಚ್ಚೋಣ.

ಹೆಸರುಕಾಳಿನ ಚಟ್ನಿ

ನಾವು ಮೊದಲು ಮಾಡಿ ನೋಡಿದ್ದು ಇದನ್ನು. ನಾಲ್ಕು ಜನಕ್ಕೆ ನಾಲ್ಕು ಹಿಡಿ ಹೆಸರುಕಾಳು ಸಾಕು. ರಾತ್ರಿ ಮಲಗುವ ಮುಂಚೆ ಕಾಳನ್ನು ಆರಿಸಿ, ತೊಳೆದು ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ ಹೊಸ ನೀರು ಹಾಕಿ. ಕಾಳಿನ ಮೇಲೆ ಎರಡು ಬೆರಳು ನೀರು ನಿಂತರೆ ಸಾಕು. ಒಲೆಯ ಮೇಲಿಡಿ. ನೆನೆದ ಕಾಳು ಬೇಗ ಬೇಯುತ್ತದೆ, ಉರುವಲೂ ಉಳಿಯುತ್ತದೆ. ಒಂದು ಕಡೆ ರೊಟ್ಟಿ ಬಡಿಯುವುದರೊಳಗೆ ಇನ್ನೊಂದು ಕಡೆ ಕಾಳು ಆಗಿರುತ್ತದೆ. ಎರಡು ಬೆರಳಲ್ಲಿ ಹಿಚುಕಿ ನೋಡಿ. ಬೆಣ್ಣೆಯ ಹಾಗೆ ಒತ್ತಿಹೋಗಬೇಕು. ನಡುವೆ ಗಟ್ಟಿ ಸಿಕ್ಕರೆ ಇನ್ನೂ ಬೇಯಬೇಕು.

ಈಗ ನೀರು ಬಸಿಯಿರಿ. ಆ ಕಟ್ಟನ್ನು ಚೆಲ್ಲಬೇಡಿ. ರಾತ್ರಿಯ ಸಾರಿಗಲ್ಲ, ಬೆಳಗಿನ ಹೊತ್ತಿಗೇ ಉಪ್ಪು ಹಾಕಿ ಮಕ್ಕಳಿಗೆ ಕುಡಿಯಲು ಕೊಡಿ.

ಒಂದು ಚಮಚ ಎಣ್ಣೆಯಲ್ಲಿ ನಾಲ್ಕು ಹಸಿಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ ಹುರಿಯಿರಿ. ಒಂದು ಹಿಡಿ ಮೆಂತ್ಯೆ ಸೊಪ್ಪು ಇದ್ದರೆ ಅದನ್ನೂ ಹೆಚ್ಚಿ ಹಾಕಿ ಬಾಡಿಸಿ. ಮೆಂತ್ಯೆ ಇಲ್ಲವೆ? ರಾಜಗಿರಿ ಆಗುತ್ತದೆ, ಪಾಲಕ್ ಆಗುತ್ತದೆ, ತುರಿದ ಗಜ್ಜರಿಯೂ ಆಗುತ್ತದೆ. ಇದೆಲ್ಲವನ್ನೂ ಕಾಳಿನ ಜೊತೆ ಉಪ್ಪು ಹಾಕಿ ಅರೆಯಿರಿ. ಮಿಕ್ಸಿ ಇದ್ದರೆ ಮಿಕ್ಸಿ. ಕರೆಂಟು ಇಲ್ಲದಿದ್ದರೆ ಒಳಕಲ್ಲು. ತೀರ ನುಣ್ಣಗೆ ಬೇಡ. ನೀರು ಹಾಕಲೇಬೇಡಿ. ಸೌಟು ಬೋರಲು ಹಿಡಿದರೂ ಬೀಳದಷ್ಟು ಗಟ್ಟಿ ಇರಲಿ. ಕೊನೆಗೆ ಅರ್ಧ ನಿಂಬೆಹಣ್ಣು ಹಿಂಡಿ.

ನಿಂಬೆ ಬರೀ ರುಚಿಗಲ್ಲ. ಕಾಳಿನಲ್ಲಿ, ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ರಕ್ತ ಆಗಲು ಅದು ಬೇಕು. ಆದರೆ ನಮ್ಮ ಮೈ ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ನಿಂಬೆಯ ಹುಳಿ ಜೊತೆಗಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಚಹಾ ಇದಕ್ಕೆ ಉಲ್ಟಾ. ಊಟದ ಜೊತೆಗೆ, ಊಟವಾದ ಕೂಡಲೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಚಹಾ ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ನಾವೂ ಬಿಟ್ಟಿಲ್ಲ. ಒಂದು ತಾಸು ತಡೆದು ಕುಡಿಯೋಣ.

ಹೀಗೆಯೇ ಅಲಸಂದಿ, ಮಡಿಕೆ, ಕಡಲೆಯನ್ನೂ ಮಾಡಬಹುದು. ಕಡಲೆಗೆ ಹೆಚ್ಚು ಹೊತ್ತು ಬೇಕು, ಕುಕ್ಕರ್ ಇದ್ದರೆ ವಾಸಿ. ಮೈಸೂರು ಕಡೆ ಹುರುಳಿಯನ್ನು ಕೆಂಪಗೆ ಹುರಿದು, ಒಣಮೆಣಸಿನಕಾಯಿ, ಹುಣಸೆ, ಬೆಳ್ಳುಳ್ಳಿ, ಕೊಬ್ಬರಿ ಕೂಡಿಸಿ ಅರೆಯುತ್ತಾರೆ. ಅದೂ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ.

ಪುಂಡಿ ಪಲ್ಯ

ಇದನ್ನು ನಮಗೆ ಹೇಳಿಕೊಟ್ಟವರು ಸೊನ್ನೆ ಮರೆತ ಅಕ್ಕ. ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆದರೂ ಎಲ್ಲರೂ ಕೇಳಿದೆವು. ಒಬ್ಬೊಬ್ಬರ ಮನೆಯದು ಒಂದೊಂದು ಕೈ.

ಒಂದು ಸೂಡು ಪುಂಡಿ ಸೊಪ್ಪು ಬಿಡಿಸಿ ತೊಳೆದು ಹೆಚ್ಚಬೇಕು. ಎರಡು ಹಿಡಿ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಐದಾರು ಹಸಿಮೆಣಸಿನಕಾಯಿ. ಬೇಳೆ ಅರ್ಧ ಬೆಂದ ಮೇಲೆ ನುಚ್ಚು ಹಾಕಬೇಕು. ನುಚ್ಚು ಅರಳಿದ ಮೇಲೆ ಸೊಪ್ಪು, ಮೆಣಸಿನಕಾಯಿ. ಸೊಪ್ಪಿನ ಹುಳಿ ಹೆಚ್ಚು ಅನಿಸಿದವರು ಅದನ್ನು ಬೇರೆ ಬೇಯಿಸಿ ನೀರು ಬಸಿದು ಹಾಕುತ್ತಾರೆ. ಎಲ್ಲ ಕೂಡಿ ಮೆತ್ತಗಾದ ಮೇಲೆ ಉಪ್ಪು ಹಾಕಿ ಕಡೆಗೋಲಿನಿಂದ ಚೆನ್ನಾಗಿ ಮಸೆಯಬೇಕು. ಮೇಲೆ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. "ಬಳ್ಳೊಳ್ಳಿ ಕೆಂಪಾಗೂತನಕಾ ಕಾಯಿಸ್ರಿ. ಅವಸರ ಮಾಡಬ್ಯಾಡ್ರಿ" ಎಂದು ಆಕೆ ಎರಡು ಸಲ ಹೇಳಿದರು.

ಸೊಪ್ಪು, ಬೇಳೆ, ನುಚ್ಚು ಮೂರೂ ಒಂದರಲ್ಲೇ ಬಂತು. ಬೇರೆ ಸಾರು ಬೇಕಿಲ್ಲ. ಆರಿದ ಮೇಲೆ ಗಟ್ಟಿಯಾಗುತ್ತದೆ. ರೊಟ್ಟಿಯ ಮೇಲೆ ದಪ್ಪಗೆ ಹಚ್ಚಿ, ಮೇಲೆ ಇನ್ನೊಂದು ರೊಟ್ಟಿ ಮುಚ್ಚಿ ಕಟ್ಟಿಕೊಂಡು ಹೋಗಬಹುದು. ನಮ್ಮ ಮಾತು ಕೇಳುವುದಾದರೆ, ಬುತ್ತಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಕಾಯಿಪಲ್ಯದ ಚಟ್ನಿ

ಹೀರೆಕಾಯಿಯ ಸಿಪ್ಪೆಯನ್ನು ಎಸೆಯುತ್ತೇವೆ. ಎಸೆಯಬೇಡಿ. ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಸಿಪ್ಪೆಯನ್ನು ತೊಳೆದು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಗರಿಗರಿ ಆಗುವ ತನಕ ಹುರಿಯಿರಿ. ಎರಡು ಹಿಡಿ ಪುಟಾಣಿ ಇಲ್ಲವೇ ಹುರಿದ ಶೇಂಗಾ, ಮೆಣಸಿನಕಾಯಿ, ಸ್ವಲ್ಪ ಹುಣಸೆ, ಸಣ್ಣ ಚೂರು ಬೆಲ್ಲ, ಉಪ್ಪು ಕೂಡಿಸಿ ಅರೆಯಿರಿ. ಸೋರೆಕಾಯಿಯ ಎಳೆ ಸಿಪ್ಪೆಯನ್ನೂ ಹೀಗೆ ಮಾಡಬಹುದು. ಒಂದು ಮಾತು ಮಾತ್ರ ನೆನಪಿಡಿ. ಸೋರೆ, ಹೀರೆ ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಬೆಲ್ಲ ಹಾಕಿ ಕಹಿ ಮುಚ್ಚಬೇಡಿ. ಕಹಿ ಸೋರೆಕಾಯಿಯಲ್ಲಿ ವಿಷ ಇರುತ್ತದೆ. ಅದರ ರಸ ಕುಡಿದು ಜನ ಸತ್ತದ್ದೂ ಉಂಟು.

ಬದನೆಕಾಯಿಗೆ ಕೆಲಸವೇ ಇಲ್ಲ. ಒಲೆಯ ಕೆಂಡದಲ್ಲಿ ಸುಡಿ. ಗ್ಯಾಸಿನ ಉರಿಯೂ ಆಗುತ್ತದೆ. ಸುಡುವ ಮುಂಚೆ ಸೀಳಿ ಹುಳ ಇದೆಯೇ ನೋಡಿ. ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಿನ ಜೊತೆ ಹಿಚುಕಿ. ಎರಡು ಹಿಡಿ ಶೇಂಗಾ ಪುಡಿ ಕಲಸಿ. ನೀರಿನಂಶವನ್ನು ಶೇಂಗಾ ಹೀರಿಕೊಂಡು ಚಟ್ನಿ ಗಟ್ಟಿಯಾಗುತ್ತದೆ. ಸೌತೆಕಾಯಿ, ಟೊಮೆಟೊ ಹಸಿಯಾಗಿ ಹಾಕಬೇಡಿ. ನೀರು ಬಿಟ್ಟು ರೊಟ್ಟಿ ಅಂಬಲಿಯಾಗುತ್ತದೆ. ಅವನ್ನು ಬೇರೆ ಕಟ್ಟಿಕೊಂಡು ಹೋಗಿ ಕಚ್ಚಿ ತಿನ್ನಿ.

ಶೇಂಗಾ ಆರಿಸುವಾಗ ಕಣ್ಣು ಚುರುಕಿರಲಿ. ಬೂಷ್ಟು ಹಿಡಿದದ್ದು, ಕಪ್ಪಾದದ್ದು, ಮುದುಡಿದ್ದು, ಕಹಿಯಾದದ್ದು ಬೇಡ. ಆ ಬೂಷ್ಟಿನಲ್ಲಿ ಯಕೃತ್ತನ್ನು ಕೆಡಿಸುವ ವಿಷ ಇರುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. "ಹುರದ ಪುಡಿ ಮಾಡಿದ್ರ ಯಾರಿಗಿ ಗೊತ್ತಾಕ್ಕೈತಿ" ಅನ್ನುತ್ತೇವೆ. ಹೊಟ್ಟೆಗೆ ಗೊತ್ತಾಗುತ್ತದೆ.

ನಾವು ಮಾಡಿದ ತಪ್ಪು

ಇದನ್ನೂ ಹೇಳಿಬಿಡುತ್ತೇವೆ. ಅದು ಏಪ್ರಿಲ್ ತಿಂಗಳು. ಕೆಂಡದಂಥ ಬಿಸಿಲು. ಕಡಲೆಬೇಳೆ ನೆನೆಹಾಕಿ, ಬೇಯಿಸದೆ ಹಾಗೇ ಅರೆದು, ಹಸಿ ತೆಂಗಿನಕಾಯಿ ತುರಿದು ಹಾಕಿ ಚಟ್ನಿ ಮಾಡಿದೆವು. ಮನೆಯಲ್ಲಿ ಹಬ್ಬಕ್ಕೆ ಮಾಡುವುದೇ ಹಾಗೆ. ಬಹಳ ರುಚಿ. ಬಿಸಿ ರೊಟ್ಟಿಗೆ ಹಚ್ಚಿ, ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದೆವು. ಮಧ್ಯಾಹ್ನ ಮುಚ್ಚಳ ತೆಗೆದರೆ ಹುಳಿ ವಾಸನೆ. ಉಳಿದವರು ಬಿಟ್ಟರು. ಇಬ್ಬರು ಮಾತ್ರ ಅನ್ನ ಚೆಲ್ಲಬಾರದು ಎಂದು ತಿಂದರು. ರಾತ್ರಿಯೆಲ್ಲ ವಾಂತಿ, ಭೇದಿ. ಮರುದಿನದ ಕೂಲಿಯೂ ಹೋಯಿತು.

ತಪ್ಪು ಎಲ್ಲಿ ಆಯಿತು? ಬಿಸಿ ರೊಟ್ಟಿಯ ಹಬೆ ಡಬ್ಬಿಯೊಳಗೆ ನೀರಾಯಿತು. ಹಸಿ ಬೇಳೆ, ಹಸಿ ತೆಂಗು, ನೀರು, ಮೇಲೆ ಬಿಸಿಲು. ಕಣ್ಣಿಗೆ ಕಾಣದ ಕ್ರಿಮಿಗಳಿಗೆ ಇನ್ನೇನು ಬೇಕು?

ಈಗ ಬೇಸಿಗೆಯಲ್ಲಿ ಬುತ್ತಿಯ ಚಟ್ನಿಗೆ ಹಸಿ ತೆಂಗು ಹಾಕುವುದಿಲ್ಲ. ಅರೆದ ಕಡಲೆಬೇಳೆಯನ್ನು ಎಣ್ಣೆ, ಸಾಸಿವೆ, ಅರಿಸಿನದ ಒಗ್ಗರಣೆಯಲ್ಲಿ ಹಾಕಿ, ಹಸಿ ವಾಸನೆ ಹೋಗಿ ಉದುರುದುರು ಆಗುವ ತನಕ ಹುರಿಯುತ್ತೇವೆ. ರೊಟ್ಟಿಯನ್ನೂ ಚಟ್ನಿಯನ್ನೂ ಆರಿಸಿ ಆಮೇಲೆ ಕಟ್ಟುತ್ತೇವೆ. ಬುತ್ತಿಯನ್ನು ಬಿಸಿಲಿಗೆ ಇಡದೆ ನೆರಳಿನ ಟೊಂಗೆಗೆ ತೂಗುಹಾಕುತ್ತೇವೆ. ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಮುಗಿಯಬೇಕು. ವಾಸನೆ ಬಂದರೆ, ನೊರೆ ಕಂಡರೆ, ನೂಲು ಎಳೆದರೆ ಚೆಲ್ಲಬೇಕು. ಅನ್ನ ಚೆಲ್ಲಿದ ಪಾಪಕ್ಕಿಂತ ಆಸ್ಪತ್ರೆಯ ಖರ್ಚು ದೊಡ್ಡದು.

ಯಾರಿಗಾದರೂ ಭೇದಿ ಹತ್ತಿದರೆ ಆಶಾ ಅಕ್ಕನಿಂದ ಓಆರ್‌ಎಸ್ ಪೊಟ್ಟಣ ತಂದು ಕಲಸಿ ಕುಡಿಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ಗೋಪುರದ ಹಾಗೆ ತುಂಬಬಾರದು, ಮಟ್ಟಸ ಇರಬೇಕು. ನಿಲ್ಲದಿದ್ದರೆ ದವಾಖಾನೆಗೆ ಹೋಗಬೇಕು.

ಡಬ್ಬಿಯ ವಿಷಯವೂ ಇದೆ. ಸ್ಟೀಲಿನ ಡಬ್ಬಿ ಒಳ್ಳೆಯದು. ಹುಣಸೆ, ನಿಂಬೆ ಹಾಕಿದ ಚಟ್ನಿಯನ್ನು ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇಡಬೇಡಿ. ಕಿಲುಬು ಊಟಕ್ಕೆ ಇಳಿಯುತ್ತದೆ. ರೊಟ್ಟಿಯನ್ನು ಸುದ್ದಿ ಪೇಪರಿನಲ್ಲಿ ಸುತ್ತಬೇಡಿ. ಎಣ್ಣೆ ತಾಗಿದರೆ ಮಸಿ ರೊಟ್ಟಿಗೆ ಹತ್ತುತ್ತದೆ. ಪೇಪರು ಓದಲಿಕ್ಕೆ ಇರಲಿ. ರೊಟ್ಟಿಗೆ ಒಗೆದು ಒಣಗಿಸಿದ ಬಟ್ಟೆ ಇದೆ. ಬೆಳೆಗೆ ಹೊಡೆಯುವ ಔಷಧದ ಡಬ್ಬಿಯನ್ನು ಮಾತ್ರ ಎಷ್ಟು ತೊಳೆದರೂ ಅಡುಗೆಮನೆಗೆ ತರಬೇಡಿ. ನೀರು ಕುಡಿಯಲಿಕ್ಕೂ ಬೇಡ.

ಮಳೆಗಾಲದಲ್ಲಿ ಕಟ್ಟಿಗೆ ಹಸಿ ಇರುತ್ತದೆ. ಬೆಳಿಗ್ಗೆ ಕಾಳು ಬೇಯಿಸಲು ಆಗದ ದಿನಗಳೂ ಬರುತ್ತವೆ. ಅದಕ್ಕೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಮಾಡಿಟ್ಟುಕೊಳ್ಳಿ. ಹುರಿದು ಕುಟ್ಟಿದ ಹಿಂಡಿ ಒಣಗಿರುತ್ತದೆ, ಬೇಗ ಕೆಡುವುದಿಲ್ಲ. ಒಣ ಚಮಚ ಹಾಕಿ ತೆಗೆಯಿರಿ. ಎಣ್ಣೆಯಲ್ಲಿ ಇಲ್ಲವೇ ಗಟ್ಟಿ ಮೊಸರಿನಲ್ಲಿ ಕಲಸಿ ರೊಟ್ಟಿಗೆ ಹಚ್ಚಿ.

ಯಾರಿಗೆ ಎಷ್ಟು?

ಇಷ್ಟೆಲ್ಲ ಮಾಡಲು ಶುರು ಮಾಡಿ ಹದಿನೈದು ದಿನ ಆಗಿತ್ತು. ಮತ್ತೆ ಬೋರ್ಡಿನ ಮೇಲೆ ಬರೆದೆವು. ಮನೆಯಲ್ಲಿ ಚಟ್ನಿ ಆಗಿತ್ತು. ಆದರೆ ಬುತ್ತಿಯಲ್ಲಿ ಬಂದಿರಲಿಲ್ಲ. ಬಹಳ ಜನ ಮತ್ತೆ "ರೊಟ್ಟಿ, ಖಾರ" ಎಂದೇ ಬರೆದಿದ್ದರು. ಯಾಕೆ ಎಂದು ಕೇಳಿದರೆ ಉತ್ತರ ಗೊತ್ತಿದ್ದದ್ದೇ. ಮೊದಲು ಗಂಡಸರ ಬುತ್ತಿ. ಆಮೇಲೆ ಮಕ್ಕಳು. ಆಮೇಲೆ ಅತ್ತೆ ಮಾವ. ಒಳಕಲ್ಲಿನಲ್ಲಿ ಅಂಟಿಕೊಂಡದ್ದು ನಮಗೆ.

2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಸಿಗುತ್ತದೆ. ಅದರಲ್ಲಿ ಬೇಳೆ ಇರುತ್ತದೆ, ಕಾಯಿಪಲ್ಯ ಇರುತ್ತದೆ. ಹೊಲದಲ್ಲಿ ನಮಗೆ ಬಿಸಿಯೂಟ ತಂದು ಕೊಡುವವರು ಯಾರೂ ಇಲ್ಲ. ನಮ್ಮ ಬುತ್ತಿಯನ್ನು ನಾವೇ ಕಟ್ಟಿಕೊಳ್ಳಬೇಕು.

ಒಬ್ಬರ ಅತ್ತೆ ಕೇಳಿದರಂತೆ: "ದಿನಾ ಹಿಂಗ ಕಾಳು ಬ್ಯಾಳಿ ಸುರದ್ರ ಮನಿ ನಡದೀತೇನವಾ?" ಆ ಅಕ್ಕ ಸಿಟ್ಟಾಗಲಿಲ್ಲ. ಲೆಕ್ಕ ಹೇಳಿದರು. "ಅತ್ತಿ, ತಲಿಗೊಂದು ಹಿಡಿ. ನಾಕ ಹಿಡಿ ಮಂದಿಗಿ ಹಾಕೇವಿ. ಐದನೇದ್ದು ನಂದು. ನಾ ಬಿದ್ದರ ದವಾಖಾನಿಗಿ ಎಷ್ಟ ಬೀಳತೈತಿ ಲೆಕ್ಕಾ ಹಾಕ್ರಿ." ಅತ್ತೆ ಏನೂ ಅನ್ನಲಿಲ್ಲವಂತೆ. ಮರುದಿನ ಕಾಳು ಆರಿಸಿ ಕೊಟ್ಟವರು ಅತ್ತೆಯೇ.

ಎಲ್ಲರ ಮನೆಯ ಅತ್ತೆಯೂ ಹೀಗೆ ಇರುವುದಿಲ್ಲ. ನಮಗೆ ಗೊತ್ತಿದೆ. ಅದಕ್ಕೆ ನಾವು ಒಂದು ರೂಢಿ ಮಾಡಿಕೊಂಡೆವು. ಚಟ್ನಿ ಅರೆದ ಕೂಡಲೇ ಯಾರಿಗೂ ಬಡಿಸುವ ಮುಂಚೆ ರೊಟ್ಟಿಗಳನ್ನು ಸಾಲಾಗಿ ಹರಡಿ, ಎಲ್ಲ ರೊಟ್ಟಿಗೂ ಒಟ್ಟಿಗೇ ಹಚ್ಚಿಬಿಡುವುದು. ನಮ್ಮ ರೊಟ್ಟಿಯೂ ಆ ಸಾಲಿನಲ್ಲೇ ಇರುತ್ತದೆ. ಹಚ್ಚಿದ ಮೇಲೆ ಯಾರೂ ಕೆರೆದು ತೆಗೆಯುವುದಿಲ್ಲ.

ಚಟ್ನಿ ತಿಂದರೆ ಕಬ್ಬಿಣದ ಗುಳಿಗೆ ಬೇಡ ಎಂದು ತಿಳಿಯಬೇಡಿ. ರಕ್ತ ಬಹಳ ಕಡಿಮೆ ಇದ್ದವರಿಗೆ, ಬಸುರಿಯರಿಗೆ, ಬಾಣಂತಿಯರಿಗೆ ಗುಳಿಗೆ ಬೇಕೇ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಚೀಟಿಯಲ್ಲಿ ಬರೆದ ಅಂಕಿಯನ್ನು ನೀವೇ ಓದಿ. ಬಸುರಿ ಅಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಎಂದು ಅರ್ಥ. ಬಸುರಿಗೆ 11ಕ್ಕಿಂತ ಕಡಿಮೆ ಇರಬಾರದು.

ಪುಂಡಿ ಪಲ್ಯದ ಅಕ್ಕನ ಮಗಳು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಅವಳಿಗೆ ಅಕ್ಕ ಒಂದು ಚೀಟಿ ಬರೆದರು. ನಮ್ಮ ಕೈಯಲ್ಲಿ ಬರೆಸಲಿಲ್ಲ, ತಾವೇ ಬರೆದರು. ಕಳಿಸುವ ಮುಂಚೆ ನಮಗೆ ತೋರಿಸಿದರು.

"ಪುಂಡಿ ಒಂದ ಸೂಡ. ಬ್ಯಾಳಿ ಎರಡ ಹಿಡಿ. ನುಚ್ಚ ಒಂದ ಹಿಡಿ. ಅಲ್ಲಿ ನುಚ್ಚ ಸಿಗಲಿಲ್ಲಂದ್ರ ಅಕ್ಕಿ ಹಾಕ. ಬಳ್ಳೊಳ್ಳಿ ಕೆಂಪಾಗಲಿ. ನಿನ್ನ ರೊಟ್ಟಿಗಿ ಮೊದಲ ಹಚ್ಚ."

ನಾವು ತಿದ್ದುವುದಕ್ಕೆ ಪೆನ್ನು ತೆಗೆದಿದ್ದೆವು. ಮುಚ್ಚಿ ಇಟ್ಟೆವು. ಪುಂಡಿಗೆ ಸೊನ್ನೆ ಸರಿಯಾಗಿ ಇತ್ತು.